ಸಲೀನಾಸ್: ಹೊಲದಿಂದ ಹೊಟ್ಟೆಯೊಳಗಿನ ಕೂಸಿನ ತನಕ

ಬೆಳಗಿನ ಮಂಜು ಹೊಲಗಳ ಮೇಲಿಂದ ಇನ್ನೂ ಎದ್ದಿಲ್ಲ. ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ಪೂರ್ವಕ್ಕಿರುವ ಆಲಿಸಾಲ್ ಬಡಾವಣೆ ದಾಟಿದರೆ ಕಣ್ಣು ಹಾಯುವಷ್ಟು ದೂರ ಲೆಟ್ಯೂಸ್, ಸ್ಟ್ರಾಬೆರಿ. ಬಸ್ಸಿನಿಂದ ಇಳಿಯುತ್ತಿರುವವರು ಬಹುಪಾಲು ಮೆಕ್ಸಿಕೊ ಮೂಲದವರು. ಹೆಂಗಸರು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದಾರೆ. ದೊಗಳೆ ಸ್ವೆಟರುಗಳ ಮೇಲಿಂದ ಇವರಲ್ಲಿ ಬಸುರಿ ಯಾರೆಂದು ಹೇಳಲಾಗದು.

ಒಂದು ಹೊಲಕ್ಕೆ ಉದ್ದಕ್ಕೂ ಪ್ಲಾಸ್ಟಿಕ್ ಹೊದಿಸಿದ್ದಾರೆ. ಸ್ಟ್ರಾಬೆರಿ ನೆಡುವ ಮುನ್ನ ಮಣ್ಣಿಗೆ ಕ್ಲೋರೋಪಿಕ್ರಿನ್‌ನಂಥ ವಿಷಾನಿಲ ಹಾಯಿಸುತ್ತಾರೆ. ಬದುವಿನಲ್ಲಿ ತಲೆಬುರುಡೆಯ ಫಲಕ, ‘ಪೆಲಿಗ್ರೋ’ – ಅಪಾಯ. ರಸ್ತೆಯಾಚೆ ಮನೆಗಳು.

ಆ ಮನೆಗಳ ಹೊಸ್ತಿಲಾಚೆ ಬೂಟುಗಳಿವೆ. ಬೂಟು ಹೊರಗೆ ಬಿಡಿ, ಹೊಲದ ಬಟ್ಟೆ ಬೇರೆಯಾಗಿ ಒಗೆಯಿರಿ, ಸ್ನಾನ ಮಾಡಿಯೇ ಮಗುವನ್ನೆತ್ತಿಕೊಳ್ಳಿ – ಇವು ಇಲ್ಲಿ ಹೇಳುವ ಬುದ್ಧಿಮಾತುಗಳು. ಬೆಳೆಗೆ ಹೊಡೆಯುವ ಔಷಧಿಯ ಧೂಳು ಗಂಡನ ಅಂಗಿಯಲ್ಲೇ ಮನೆಯೊಳಗೆ ಬರುತ್ತದೆ ನಿಜ. ಆದರೆ ಬಾಡಿಗೆ ಭರಿಸಲಾಗದೆ ಎರಡು ಮೂರು ಸಂಸಾರಗಳು ಒಂದೇ ಮನೆಯಲ್ಲಿರುವಾಗ ಬೇರೆ ಒಗೆಯುವುದೆಲ್ಲಿ? ಸಿಂಪಡಿಸಿದವರದ್ದಲ್ಲ, ಒಗೆಯುವವಳದ್ದೇ ಜವಾಬ್ದಾರಿ!

ಈ ವಿಷ ಹೊಟ್ಟೆಯೊಳಗಿನ ಕೂಸಿಗೂ ತಟ್ಟೀತೆಂಬ ಭಯ ಊಹೆಯದ್ದಲ್ಲ. ಬರ್ಕ್‌ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ತಂಡ 1999-2000ರಲ್ಲಿ ಸಲೀನಾಸ್ ಕಣಿವೆಯ 601 ಬಸುರಿಯರನ್ನು ‘ಚಮಾಕೋಸ್’ ಅಧ್ಯಯನಕ್ಕೆ ಸೇರಿಸಿಕೊಂಡು, ಅವರ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕಗಳ ಕುರುಹು ಹುಡುಕಿತು. ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿತು. 2011ರ ವರದಿಯ ಪ್ರಕಾರ, ಕುರುಹು ಅತಿ ಹೆಚ್ಚಿದ್ದ ತಾಯಂದಿರ ಮಕ್ಕಳ ಬುದ್ಧಿಮತ್ತೆಯ ಅಂಕ ಏಳನೇ ವಯಸ್ಸಿನಲ್ಲಿ, ಅತಿ ಕಡಿಮೆಯಿದ್ದವರ ಮಕ್ಕಳಿಗಿಂತ ಸರಾಸರಿ 7ರಷ್ಟು ಕೆಳಗಿತ್ತು. ಹುಟ್ಟಿದ ಮೇಲೆ ಮಕ್ಕಳ ಮೈಗೆ ಸೇರಿದ ವಿಷಕ್ಕೂ ಈ ಇಳಿಕೆಗೂ ನಂಟು ಕಾಣಲಿಲ್ಲ. ಕಂಡದ್ದು ಗರ್ಭದ ತಿಂಗಳುಗಳಲ್ಲೇ.

ಆರ್ಗನೋಫಾಸ್ಫೇಟ್ ಜಾತಿಯದೇ ಆದ ಕ್ಲೋರ್‌ಪೈರಿಫಾಸ್ ಅನ್ನು ಅಮೆರಿಕದ ಮನೆಗಳಲ್ಲಿ ಜಿರಳೆ, ಗೆದ್ದಲಿಗೆ ಬಳಸುವುದು 2001ರ ಹೊತ್ತಿಗೇ ಬಹುತೇಕ ನಿಂತಿತ್ತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಅದು ಬಹುತೇಕ ನಿಂತದ್ದು 2020ರ ಕೊನೆಗೆ. ಪೇಟೆಯ ಮಗುವಿಗೂ ಹೊಲದಂಚಿನ ಮಗುವಿಗೂ ನಡುವೆ ಸುಮಾರು ಇಪ್ಪತ್ತು ವರ್ಷ! (ನಮ್ಮ ಹಳ್ಳಿಗಳ ಗೊಬ್ಬರದಂಗಡಿಗಳಲ್ಲಿ ಇದು ರೈತರಿಗೆಲ್ಲ ಪರಿಚಿತ ಡಬ್ಬಿ.)

2025ರಿಂದ ಕ್ಯಾಲಿಫೋರ್ನಿಯಾದಲ್ಲಿ ‘ಸ್ಪ್ರೇಡೇಸ್’ ಎಂಬ ಸರ್ಕಾರಿ ವ್ಯವಸ್ಥೆ ಬಂದಿದೆ. ಹತ್ತಿರದಲ್ಲಿ ನಿರ್ಬಂಧಿತ ಔಷಧಿ ಹೊಡೆಯುವ ಮುನ್ನ, ನೋಂದಾಯಿಸಿಕೊಂಡವರ ಮೊಬೈಲಿಗೆ ಸೂಚನೆ ಬರುತ್ತದೆ. ಯಾವ ಹೊಲ ಎಂದು ಹೇಳುವುದಿಲ್ಲ, ಒಂದು ಚದರ ಮೈಲಿಯ ಚೌಕ ತೋರಿಸುತ್ತದೆ. ವೈದ್ಯರು ಬರೆದುಕೊಟ್ಟರೆ ಬಸುರಿ ಕೂಲಿಗೆ ಸಂಬಳದ ಒಂದು ಪಾಲಿನೊಂದಿಗೆ ರಜೆಯೂ ಉಂಟು. ಆದರೆ ಮುಟ್ಟು ತಪ್ಪಿದ್ದು ಗೊತ್ತಾಗಿ, ವೈದ್ಯರಲ್ಲಿಗೆ ಹೋಗಿ, ಚೀಟಿ ಕೈಗೆ ಬರುವಷ್ಟರಲ್ಲಿ ಮೊದಲ ವಾರಗಳು ಹೊಲದಲ್ಲೇ ಕಳೆದಿರುತ್ತವೆ.