ಗವಂಡಿಗೂ ತಿಳಿಯಬೇಕು, ಪರೀಕ್ಷಕರಿಗೂ ತಿಳಿಯಬೇಕು: ತಾಂತ್ರಿಕ ವಿಷಯವನ್ನು ನಿಂತು ಹೇಳುವ ಬಗೆ

ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ, ಸಂತೆಯಲ್ಲಿ ಹಿಂದಿ. ಮಗನೋ ಮಗಳೋ ಲಾತೂರು, ಭಾಲ್ಕಿ, ಬೀದರಗಳಿಗೆ ಎಂಜಿನಿಯರಿಂಗ್, ಫಾರ್ಮಸಿ ಓದಲು ಹೋದರೆ ಅಲ್ಲಿ ನಾಲ್ಕನೆಯದಾಗಿ ಇಂಗ್ಲಿಷ್ ಎದುರಾಗುತ್ತದೆ. ಕೊನೆಯ ವರ್ಷ ಬಂತೆಂದರೆ ಸೆಮಿನಾರು, ಪ್ರಾಜೆಕ್ಟು, ವೈವಾ. ವರ್ಷವಿಡೀ ಮಾಡಿದ ಕೆಲಸವನ್ನು ಹದಿನೈದು ನಿಮಿಷದಲ್ಲಿ ನಾಲ್ಕು ಜನರೆದುರು ನಿಂತು ಹೇಳಬೇಕು. ಕೆಲಸ ಗೊತ್ತಿರುತ್ತದೆ, ಹೇಳಲು ಬಾಯಿ ಬರುವುದಿಲ್ಲ. ಊರಿಗೆ ಬಂದ ಮೇಲೆ ಸಿಗುವ ಉತ್ತರ ಒಂದೇ: "ಇಂಗ್ಲಿಷ್ ಬರಲ್ಲ ನೋಡ್ರಿ ಕಾಕಾ, ಅದಕ್ಕ ಹಿಂಗಾಯ್ತು."

ಈ ಉತ್ತರದಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಇಂಗ್ಲಿಷ್ ತಾಯ್ನುಡಿಯಾದ ದೊಡ್ಡ ದೊಡ್ಡ ಎಂಜಿನಿಯರುಗಳೂ ಇದೇ ಕೆಲಸದಲ್ಲಿ ಎಡವಿದ್ದಾರೆ. ಇತ್ತ ಇದೇ ಸೀಮೆಯ ಹಳ್ಳಿಯ ಹೆಣ್ಣುಮಕ್ಕಳು, ಕಾಲೇಜಿನ ಮೆಟ್ಟಿಲು ಹತ್ತದವರು, ಮನೆ ಕಟ್ಟುವ ತಂತ್ರವನ್ನು ಊರ ಮುಂದೆ ನಿಂತು ಹೇಳಿ ತಿಳಿಸಿದ್ದಾರೆ. ಆ ಕಥೆಯಿಂದಲೇ ಶುರು ಮಾಡುವುದು ಒಳ್ಳೆಯದು.

ಭೂಕಂಪ ಕಲಿಸಿದ ಪಾಠ

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ನೆಲಸಮವಾದವು. ಎಂಟರಿಂದ ಹತ್ತು ಸಾವಿರ ಜನ ಸತ್ತರು. ಭೂಕಂಪದ ಪ್ರಮಾಣ 6.2ರ ಆಸುಪಾಸು. ಜಗತ್ತಿನಲ್ಲಿ ಇಷ್ಟು ಪ್ರಮಾಣದ ಭೂಕಂಪಗಳು ಅಪರೂಪವೇನಲ್ಲ. ಇಲ್ಲಿ ಇಷ್ಟು ಜನ ಸತ್ತದ್ದಕ್ಕೆ ದೊಡ್ಡ ಕಾರಣ ಮನೆಗಳು.

ಮರಾಠಿಯಲ್ಲಿ ಮಾಳವದ, ಕನ್ನಡದಲ್ಲಿ ಮಾಳಿಗೆ ಮನೆ. ಕಾಡುಕಲ್ಲು, ಕೆಸರಿನಲ್ಲಿ ಕಟ್ಟಿದ ಎರಡು ಮೂರು ಅಡಿ ದಪ್ಪದ ಗೋಡೆ, ಮೇಲೆ ಹಲಗೆ ಹಾಸಿ ಹಾಕಿದ ಮಣ್ಣು. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಗೋಡೆ ದಪ್ಪವಾಗಿ ಕಂಡರೂ ಒಳಗೆ ಅದು ಒಂದು ಗೋಡೆಯಲ್ಲ, ಎರಡು. ಹೊರಗಿನ ಸಾಲು ಬೇರೆ, ಒಳಗಿನ ಸಾಲು ಬೇರೆ, ನಡುವೆ ಚೂರು ಕಲ್ಲು ಮಣ್ಣು. ಎರಡನ್ನೂ ಹಿಡಿದು ಕಟ್ಟುವ ಉದ್ದ ಕಲ್ಲು ಇಲ್ಲ. ನೆಲ ಅಲುಗಿದಾಗ ಎರಡು ಸಾಲೂ ಹೊಟ್ಟೆ ಬಿಟ್ಟು ಬೇರೆ ಬೇರೆಯಾಗಿ ಕುಸಿದವು, ಮೇಲಿನ ಮಣ್ಣು ಮಲಗಿದವರ ಮೇಲೆ ಬಿತ್ತು.

ಆಮೇಲೆ ವಿಶ್ವಬ್ಯಾಂಕಿನ ಸಾಲದಿಂದ ಮಹಾರಾಷ್ಟ್ರ ಸರ್ಕಾರ ದೊಡ್ಡ ಪುನರ್ವಸತಿ ಯೋಜನೆ ಹಾಕಿಕೊಂಡಿತು. ಪೂರ್ತಿ ಹಾಳಾದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಲಾಯಿತು. ಆದರೆ ಬಿರುಕು ಬಿಟ್ಟು ನಿಂತಿದ್ದ ಲಕ್ಷಾಂತರ ಮನೆಗಳಿದ್ದವು. ಅವನ್ನು ಮನೆಯವರೇ ಸರ್ಕಾರದ ನೆರವು ಪಡೆದು ಗಟ್ಟಿ ಮಾಡಿಕೊಳ್ಳಬೇಕಿತ್ತು. ಅಂದರೆ ತಂತ್ರ ಎಂಜಿನಿಯರಿಗೆ ಗೊತ್ತಿದ್ದರೆ ಸಾಲದು, ಗವಂಡಿಗೂ ಮನೆಯ ಯಜಮಾನನಿಗೂ ಅವನ ಹೆಂಡತಿಗೂ ತಿಳಿಯಬೇಕು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಗೆ ಜನರ ಜತೆ ಮಾತಾಡುವ ಹೊಣೆ ಬಂತು. ಲಾತೂರು, ಉಸ್ಮಾನಾಬಾದ್ (2023ರಿಂದ ಧಾರಾಶಿವ) ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಈ ಕೆಲಸ ನಡೆಯಿತು. ಹಳ್ಳಿಯ ಮಹಿಳೆಯರನ್ನೇ 'ಸಂವಾದ ಸಹಾಯಕ'ರನ್ನಾಗಿ ನೇಮಿಸಲಾಯಿತು.

ಹೆಸರಿನಲ್ಲೇ ಕೆಲಸವಿದೆ. ಇವರು ಭಾಷಣ ಮಾಡುವವರಲ್ಲ, ಸಂವಾದಕ್ಕೆ ಸಹಾಯ ಮಾಡುವವರು. ಎಷ್ಟು ನೆರವು ಬರುತ್ತದೆ, ಸಿಮೆಂಟು ಎಲ್ಲಿ ಸಿಗುತ್ತದೆ, ಗೋಡೆಯಲ್ಲಿ ಏನಾಗಬೇಕು ಎಂಬುದನ್ನು ಸಭೆಯಲ್ಲಿ ಹೇಳುವುದು, ಜನ ಕೇಳಿದ್ದನ್ನು ಎಂಜಿನಿಯರಿಗೆ ಮುಟ್ಟಿಸುವುದು, ಗವಂಡಿ ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ನಿಂತು ನೋಡುವುದು. 2001ರ ಜನವರಿ 26ರಂದು ಭುಜ್ ಭೂಕಂಪವಾದಾಗ ಇದೇ ಸೀಮೆಯ ಹೆಣ್ಣುಮಕ್ಕಳು ಕಛ್‌ಗೆ ಹೋಗಿ ಅಲ್ಲಿನವರಿಗೆ ತಮ್ಮ ಅನುಭವ ಹೇಳಿ ಬಂದರು. ಭಾಷೆ ಗುಜರಾತಿ, ಕೇಳುವವರು ಅಪರಿಚಿತರು. ಆದರೂ ಮಾತು ಮುಟ್ಟಿತು.

ಮೊದಲು ಹೇಳಬೇಕಾದದ್ದು ಯಾವುದು?

ಅದೇ ಗೋಡೆಯ ವಿಷಯವನ್ನು ಎರಡು ರೀತಿಯಲ್ಲಿ ಹೇಳಬಹುದು. "ಛಾವಣಿಯ ನಿರ್ಜೀವ ಭಾರ ಅಧಿಕವಾಗಿರುವುದರಿಂದ ಜಡತ್ವ ಬಲ ಹೆಚ್ಚುತ್ತದೆ" ಎಂದರೆ ವ್ಯಾಕರಣ ಸರಿ, ತಂತ್ರವೂ ಸರಿ. ಕೇಳಿದವರು ತಲೆ ಅಲ್ಲಾಡಿಸಿ ಮನೆಗೆ ಹೋಗುತ್ತಾರೆ. ಇದನ್ನೇ ಲೆಕ್ಕ ಮಾಡಿ ಹೇಳಿ ನೋಡಿ. ಹತ್ತಡಿ ಅಗಲ, ಹತ್ತಡಿ ಉದ್ದದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣು ಎಂದರೆ 100 ಘನ ಅಡಿ. ಒಂದು ಘನ ಅಡಿ ಮಣ್ಣಿಗೆ 45 ಕಿಲೋ ಹಿಡಿದರೂ ನಾಲ್ಕೂವರೆ ಟನ್. "ಅಕ್ಕಾ, ನಿಮ್ಮ ತೊಟ್ಟಿಲದ ಮ್ಯಾಲ 90 ಸಿಮೆಂಟು ಚೀಲ ಕುಂತಾವ" ಎಂದರೆ ಸಭೆ ಸುಮ್ಮನಾಗುತ್ತದೆ. ಮುಂದಿನ ಮಾತು ಕೇಳಲು ಜನ ಈಗ ತಯಾರು.

ಗೋಡೆಯ ಎರಡು ಸಾಲು ಬೇರೆಯಾಗುವುದನ್ನು ಹೇಳುವುದಕ್ಕಿಂತ ತೋರಿಸುವುದು ಸುಲಭ. ಇಟ್ಟಿಗೆಯ ಎರಡು ಸಾಲನ್ನು ಒಂದಕ್ಕೊಂದು ತಾಗಿಸಿ, ಬಂಧ ಇಲ್ಲದೆ ಮೇಜಿನ ಮೇಲೆ ಪೇರಿಸಿ ಮೇಜು ಅಲುಗಾಡಿಸಿ. ಎರಡೂ ಬಾಯಿ ಬಿಡುತ್ತವೆ. ನಡುನಡುವೆ ಇಟ್ಟಿಗೆಯನ್ನು ಅಡ್ಡ ಹಾಕಿ ಎರಡು ಸಾಲನ್ನೂ ಹಿಡಿಸಿ ಮತ್ತೆ ಅಲುಗಾಡಿಸಿ. ಆಮೇಲೆ ನಿಯಮ ಹೇಳಿ: ಗೋಡೆಯ ಪೂರ್ತಿ ದಪ್ಪದ ಉದ್ದ ಕಲ್ಲು ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು ಬರಬೇಕು. ಭಾರತೀಯ ಮಾನಕ ಸಂಸ್ಥೆ 1993ರಲ್ಲೇ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇರುವುದು ಇದೇ ಅಳತೆ. ಹಳೆ ಗೋಡೆಯಾದರೆ ಆರಪಾರ ತೂತು ಕೊರೆದು, ಕೊಕ್ಕೆ ಮಾಡಿದ ಸಳಿ ಇಟ್ಟು, ಕಾಂಕ್ರೀಟು ತುಂಬಬೇಕು. ಇದನ್ನು ಕೇಳಿದ ಗವಂಡಿ ಮರುದಿನ ಕೆಲಸ ಮಾಡಬಲ್ಲ. ತಾಂತ್ರಿಕ ಮಾತಿನ ಪರೀಕ್ಷೆ ಇಷ್ಟೇ: ಕೇಳಿದವನು ನಾಳೆ ಏನು ಮಾಡುತ್ತಾನೆ?

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ್ದು. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಹಾರುವಾಗ ಹೊರಗಿನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿದ್ದಾಗಲೇ ಎಂಜಿನಿಯರುಗಳು ಲೆಕ್ಕ ಮಾಡಿ ಅಧಿಕಾರಿಗಳಿಗೆ ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ವಿವರಿಸಿದರು. ಒಂದು ಸ್ಲೈಡಿನ ತಲೆಬರಹ ಓದಿದರೆ ಎಲ್ಲ ಕ್ಷೇಮ ಎಂಬ ಭಾವನೆ ಬರುವಂತಿತ್ತು. ಕೆಳಗೆ ಸಾಲಿನೊಳಗೆ ಸಾಲು, ಸಣ್ಣ ಅಕ್ಷರ. ಎಲ್ಲಕ್ಕಿಂತ ಕೆಳಗೆ ಒಂದು ಮಾತು: ಹಿಂದೆ ಪರೀಕ್ಷೆಗೆ ಬಳಸಿದ ತುಂಡು 3 ಘನ ಇಂಚಿನದು, ಈಗ ಬಡಿದದ್ದು ಸುಮಾರು 1,920 ಘನ ಇಂಚಿನದು. ಅಂದರೆ 640 ಪಟ್ಟು ದೊಡ್ಡದು! ಹಳೆಯ ಪರೀಕ್ಷೆಯ ಮೇಲೆ ಭರವಸೆ ಇಡುವಂತಿಲ್ಲ ಎಂಬ ಇಡೀ ವಿಷಯ ಆ ಕೊನೆಯ ಸಾಲಿನಲ್ಲಿತ್ತು. ಫೆಬ್ರವರಿ 1ರಂದು ನೌಕೆ ಮರಳುವಾಗ ಛಿದ್ರವಾಗಿ ಏಳೂ ಜನ ಸತ್ತರು. ಅಧಿಕಾರಿಯೊಬ್ಬರು ಆ ಸ್ಲೈಡು ಓದಿಯೂ ಇದು ಜೀವದ ಪ್ರಶ್ನೆ ಎಂದು ತಿಳಿಯದೆ ಹೋಗಬಹುದಿತ್ತು ಎಂದು ತನಿಖಾ ಮಂಡಳಿ ಅದೇ ವರ್ಷದ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಅಲ್ಲಿ ಇಂಗ್ಲಿಷಿನ ಕೊರತೆ ಯಾರಿಗೂ ಇರಲಿಲ್ಲ.

ಅದಕ್ಕೂ ಹಿಂದೆ 1986ರಲ್ಲಿ ಚಾಲೆಂಜರ್ ನೌಕೆ ಸಿಡಿದಾಗ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯ ನಡುವೆ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಒತ್ತಿ ಐಸ್ ನೀರಿನ ಗ್ಲಾಸಿನಲ್ಲಿ ಅದ್ದಿ ತೆಗೆದರು. ಚಳಿಗೆ ರಬ್ಬರು ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ತಣ್ಣನೆಯ ಬೆಳಿಗ್ಗೆ ಹಾರಿಸಿದ ರಾಕೆಟ್ಟಿನ ಕೀಲು ಏಕೆ ಸೋರಿತು ಎಂಬುದು ಟಿವಿ ನೋಡುತ್ತಿದ್ದ ಸಾಮಾನ್ಯರಿಗೂ ತಿಳಿಯಿತು. ಒಂದು ಗ್ಲಾಸು ನೀರು ಸಾಕಾಯಿತು.

ತಯಾರಿ ಹೇಗೆ?

ಹೆಚ್ಚಿನ ವಿದ್ಯಾರ್ಥಿಗಳು ಮೊದಲು ಕಂಪ್ಯೂಟರ್ ತೆರೆದು ಸ್ಲೈಡು ಮಾಡಲು ಕೂಡುತ್ತಾರೆ. ತಪ್ಪಾಗುವುದು ಅಲ್ಲಿಂದಲೇ. ಮೊದಲು ಒಂದು ಹಾಳೆಯ ಮೇಲೆ, ಮನೆಮಾತಿನಲ್ಲೇ ಒಂದು ವಾಕ್ಯ ಬರೆಯಬೇಕು: ನಾನು ಏನು ಮಾಡಿದೆ, ಅದರಿಂದ ಏನು ಗೊತ್ತಾಯಿತು. ಆ ವಾಕ್ಯ ಬರೆಯಲು ಬರದಿದ್ದರೆ ಕೊರತೆ ಇರುವುದು ಇಂಗ್ಲಿಷಿನಲ್ಲಲ್ಲ, ಕೆಲಸವೇ ಇನ್ನೂ ತಲೆಗೆ ಹತ್ತಿಲ್ಲ. ಬರೆದ ಮೇಲೆ ಅದನ್ನು ಅಜ್ಜಿಗೋ ಅಕ್ಕಪಕ್ಕದ ಹುಡುಗನಿಗೋ ಹೇಳಿ ನೋಡಬೇಕು. ಅವರು ಎಲ್ಲಿ "ಅಂದ್ರ?" ಎಂದು ಕೇಳುತ್ತಾರೋ ಅಲ್ಲಿ ಉದಾಹರಣೆ ಬೇಕು ಎಂದರ್ಥ.

ಗಡಿಭಾಗದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ, ಅದು ಅವರಿಗೇ ಗೊತ್ತಿಲ್ಲ. 1956ರ ತನಕ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಆಮೇಲೆ ಬಂತು, ಮಾತು ಮೊದಲಿನಿಂದ ಕೂಡಿಯೇ ಇತ್ತು. ಒಂದೇ ವಿಷಯವನ್ನು ಮನೆಯಲ್ಲಿ ಒಂದು ಮಾತಿನಲ್ಲಿ, ಬಜಾರಿನಲ್ಲಿ ಇನ್ನೊಂದು ಮಾತಿನಲ್ಲಿ ಹೇಳುವುದು ಇಲ್ಲಿನವರಿಗೆ ಚಿಕ್ಕಂದಿನ ಅಭ್ಯಾಸ. ಎದುರಿಗಿರುವವರನ್ನು ನೋಡಿ ಮಾತು ಬದಲಿಸುವ ಈ ಗುಣವೇ ತಾಂತ್ರಿಕ ಮಾತಿಗೂ ಬೇಕಾದದ್ದು. ಎರಡು ಭಾಷೆಯಲ್ಲಿ ಹೇಳಿ ನೋಡಿದ ವಿಷಯ ಮೂರನೆಯದರಲ್ಲಿ ಹೇಳುವಾಗ ಬಾಯಿಪಾಠ ಬೇಕಾಗುವುದಿಲ್ಲ. ಬಾಯಿಪಾಠ ಮಾಡಿದವನು ಒಂದು ಪದ ಮರೆತರೆ ಇಡೀ ಮಾತು ನಿಂತುಬಿಡುತ್ತದೆ. ಮೊದಲಿನ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಬಾಯಿಪಾಠ ಇದ್ದರೆ ಒಳ್ಳೆಯದು. ಎದೆ ಹೊಡೆದುಕೊಳ್ಳುವುದು ಮೊದಲ ಅರ್ಧ ನಿಮಿಷ, ಅದನ್ನು ದಾಟಲು ಅಷ್ಟು ಸಾಕು.

ಕೇಳುವವರು ಯಾರು ಎಂಬುದರ ಮೇಲೆ ಶುರುವಾತು ಬದಲಾಗುತ್ತದೆ. ಉದಗೀರದ ಪಶುವೈದ್ಯಕೀಯ ಕಾಲೇಜಿನಲ್ಲಿ ದೇವಣಿ ಆಕಳ ಮೇಲೆ ಕೆಲಸ ಮಾಡಿದ ವಿದ್ಯಾರ್ಥಿ, ತಳಿಯ ಇತಿಹಾಸ ಹೇಳುತ್ತ ಎಂಟು ನಿಮಿಷ ಕಳೆದರೆ ಪರೀಕ್ಷಕರು ಗಡಿಯಾರ ನೋಡುತ್ತಾರೆ. ಅವರಿಗೆ ದೇವಣಿ ಗೊತ್ತು. ಅವರಿಗೆ ಬೇಕಾದದ್ದು ಎಷ್ಟು ಆಕಳು ನೋಡಿದಿರಿ, ಏನು ಅಳೆದಿರಿ, ಏನು ಸಿಕ್ಕಿತು. ಅದೇ ವಿದ್ಯಾರ್ಥಿ ಹಳ್ಳಿಯ ಕಟ್ಟೆಯ ಮೇಲೆ ಮಾತಾಡುವಾಗ 'ಮಾಸ್ಟೈಟಿಸ್' ಎಂದರೆ ಪ್ರಯೋಜನವಿಲ್ಲ, 'ಕೆಚ್ಚಲು ಬಾವು' ಎನ್ನಬೇಕು, ಹಾಲಿನಲ್ಲಿ ಏನು ಬದಲಾಗುತ್ತದೆ ಎಂದು ಬಟ್ಟಲಲ್ಲಿ ತೋರಿಸಬೇಕು. ಪರೀಕ್ಷಕರ ಮುಂದೆ ಮಾತ್ರ ತಾಂತ್ರಿಕ ಪದವನ್ನು ಬಿಡಬಾರದು. ಅಲ್ಲಿ ಅದು ಅಳತೆಯ ಮಾತು.

ಕೃಷಿ ಇಲಾಖೆಯವರು ಮುಂಗಾರಿಗೆ ಮೊದಲು ಹಳ್ಳಿಗಳಲ್ಲಿ ತೋರಿಸುವ ಸೋಯಾಬೀನ್ ಮೊಳಕೆ ಪರೀಕ್ಷೆ ಒಳ್ಳೆಯ ಮಾದರಿ. ಮನೆಯ ಬೀಜದಿಂದ 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ತೇವ ಆರದಂತೆ ಕೆಲವು ದಿನ ನೋಡಿ, ಬಿಚ್ಚಿ ಎಣಿಸುವುದು. 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಹಾಗೇ ಬಿತ್ತುವಂತಿಲ್ಲ. 100 ಕಾಳು ತೆಗೆದುಕೊಂಡಿದ್ದರಿಂದ ಶೇಕಡಾ ಲೆಕ್ಕ ಬೆರಳೆಣಿಕೆಯಲ್ಲೇ ಬಂತು, ರೈತನೇ ಎಣಿಸಿದ್ದರಿಂದ ನಂಬಿಕೆಯೂ ಬಂತು. ಇಷ್ಟು ಚೆನ್ನಾಗಿ ಯೋಚಿಸಿದ ಸ್ಲೈಡು ಕಾಲೇಜುಗಳಲ್ಲಿ ಕಾಣಸಿಗುವುದು ಕಡಿಮೆ.

ಸ್ಲೈಡಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಲೆಬರಹದಲ್ಲಿ ಬರೀ 'ಫಲಿತಾಂಶ' ಎಂದು ಬರೆಯದೆ ಫಲಿತಾಂಶವನ್ನೇ ಬರೆಯಿರಿ. ಹಿಂದಿನ ಬೆಂಚಿನವರಿಗೆ ಕಾಣದ ಅಕ್ಷರ ಬೇಡ. ಒಂದು ಸ್ಲೈಡಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಹದಿನೈದು ನಿಮಿಷಕ್ಕೆ ಹತ್ತು ಹನ್ನೆರಡು ಸಾಕು. ಗೋಡೆಯ ಕಡೆ ತಿರುಗಿ ಓದಬೇಡಿ. ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಕಡೆ ಮುಖ್ಯ ಚಿತ್ರ ಒಂದನ್ನು ಕಾಗದದ ಮೇಲೆ ಬರೆದು ಇಟ್ಟುಕೊಂಡಿರುವುದು ಜಾಣತನ.

ಅಭ್ಯಾಸವನ್ನು ಮನಸ್ಸಿನಲ್ಲಿ ಮಾಡಿದರೆ ಲೆಕ್ಕಕ್ಕಿಲ್ಲ. ನಿಂತು, ಜೋರಾಗಿ, ಗಡಿಯಾರ ಇಟ್ಟುಕೊಂಡು, ಮೂರು ಸಲವಾದರೂ ಹೇಳಬೇಕು. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ಕೇಳಿದರೆ ಎಲ್ಲಿ ಓಡುತ್ತೀರಿ, ಎಲ್ಲಿ "ಆಂ, ಆಂ" ಎನ್ನುತ್ತೀರಿ ಎಂಬುದು ತಾನೇ ಗೊತ್ತಾಗುತ್ತದೆ. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಬೇಕು. ಹದಿನೈದು ನಿಮಿಷದ ಮಾತು ಹದಿನೆಂಟಕ್ಕೆ ಹೋದರೆ ವೇಗ ಹೆಚ್ಚಿಸಬೇಡಿ, ಒಂದು ಭಾಗ ತೆಗೆದುಹಾಕಿ.

ಉಳಿದದ್ದು ಪ್ರಶ್ನೆಗಳು. ಹೆಚ್ಚಿನವರು ಹೆದರುವುದು ಇದಕ್ಕೇ. ಕೇಳಿದ ಪ್ರಶ್ನೆಯನ್ನು ಒಮ್ಮೆ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, "ನೀವು ಕೇಳಿದ್ದು ಇದೇ ಅಲ್ಲವೇ ಸರ್?" ಎಂದರೆ ಯೋಚಿಸಲು ನಾಲ್ಕು ಕ್ಷಣ ಸಿಗುತ್ತದೆ, ತಪ್ಪು ಪ್ರಶ್ನೆಗೆ ಉತ್ತರಿಸುವುದೂ ತಪ್ಪುತ್ತದೆ. ಅಳೆಯದೇ ಇದ್ದದ್ದನ್ನು "ಇದನ್ನು ನಾವು ಅಳೆದಿಲ್ಲ, ಅಳೆಯಬೇಕಾದರೆ ಹೀಗೆ ಮಾಡಬೇಕಾಗುತ್ತದೆ" ಎಂದು ನೇರವಾಗಿ ಹೇಳಬಹುದು. ಸುಳ್ಳು ಅಂಕಿ ಹೇಳಿ ಸಿಕ್ಕಿಬಿದ್ದರೆ ಮೊದಲು ಹೇಳಿದ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಉತ್ತರ ತೊಡರಿದರೆ, "ಸರ್, ಒಂದು ವಾಕ್ಯ ಮರಾಠಿಯಲ್ಲಿ ಹೇಳಿ ಮುಂದುವರಿಸಲೇ?" ಎಂದು ಅನುಮತಿ ಕೇಳಲು ನಾಚಬೇಕಿಲ್ಲ, ಗಡಿಯಾಚೆ ಭಾಲ್ಕಿ, ಬೀದರದ ಕಾಲೇಜಾದರೆ ಅದೇ ಮಾತನ್ನು ಕನ್ನಡಕ್ಕೆ ಕೇಳಬಹುದು. ಒಪ್ಪುವುದು ಬಿಡುವುದು ಪರೀಕ್ಷಕರಿಗೆ ಸೇರಿದ್ದು. ಒಪ್ಪದಿದ್ದರೆ ಸೀಸದಕಡ್ಡಿ ತೆಗೆದುಕೊಂಡು ಚಿತ್ರ ಬರೆದು ತೋರಿಸಿ.