ಅಂಚು ಸುಡುತ್ತದೆ, ನಡು ತಣ್ಣಗಿರುತ್ತದೆ

ಪ್ರಶ್ನೆ: ಮೈಕ್ರೋವೇವ್‌ನಲ್ಲಿಟ್ಟ ಅನ್ನ ಒಂದೇ ಸಮ ಬಿಸಿಯಾಗುವುದಿಲ್ಲ. ಓವನ್ ಕೆಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಒಳಗಿನ ತರಂಗಗಳು ಲೋಹದ ಗೋಡೆಗೆ ಬಡಿದು ಮರಳುವಾಗ ಒಂದರೊಡನೊಂದು ಸೇರಿ ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ಅಡಗಿಹೋಗುತ್ತವೆ. ತರಂಗದ ಉದ್ದ ಸುಮಾರು 12 ಸೆಂ.ಮೀ.; ಬಿಸಿ ತಾಣಗಳ ಅಂತರ ಹೆಚ್ಚುಕಡಿಮೆ ಅದರರ್ಧ. ತಟ್ಟೆ ತಿರುಗದಂತೆ ಮಾಡಿ ಹಸಿ ಹಪ್ಪಳಗಳನ್ನು ಹರಡಿ ಅರ್ಧ ನಿಮಿಷ ಇಟ್ಟು ನೋಡಿ: ಅಲ್ಲಲ್ಲಿ ಮಾತ್ರ ಬೆಳ್ಳಗೆ ಉಬ್ಬಿರುತ್ತವೆ!

ತಟ್ಟೆ ತಿರುಗುವುದು ಇದಕ್ಕಾಗಿಯೇ. ಅದು ನಿಂತಿದೆಯೇ, ಕೆಳಗಿನ ಚಕ್ರದ ಬಳೆಗೆ ಅಗುಳು ಸಿಕ್ಕಿದೆಯೇ ಎಂದು ಮೊದಲು ನೋಡಿ. ತಿರುಗಿದರೂ ನಟ್ಟನಡುವಿನ ಅನ್ನ ಇದ್ದಲ್ಲೇ ಇರುತ್ತದೆ. ಆದ್ದರಿಂದ ನಡುವೆ ಖಾಲಿ ಬಿಟ್ಟು ಸುತ್ತಲೂ ಹರಡಿ, ನೀರು ಚಿಮುಕಿಸಿ ಮುಚ್ಚಿ, ಅರ್ಧದಲ್ಲೊಮ್ಮೆ ಕಲಸಿ. ಹೊರಕವಚ ಮಾತ್ರ ಖಂಡಿತ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಪ್ರಾಣ ತೆಗೆಯುವಂಥ ಶಾಕ್ ಕೊಡಬಲ್ಲದು.