ಎಡದೆತ್ತು ಸೋತರೆ ಟ್ಯಾಂಕು ಎಡಕ್ಕೆ

ಆವನಿ ಬೆಟ್ಟದ ಕೆಳಗೆ, ನಮ್ಮಕ್ಕನ ಮನೆಯ ಅಂಗಳದಲ್ಲಿ, ಮೊಳದುದ್ದದ ಟ್ಯಾಂಕೊಂದು ಹಟ ಹಿಡಿದಿತ್ತು. ರಿಮೋಟಿನ ಕಡ್ಡಿಯನ್ನು ನೆಟ್ಟಗೆ ಮುಂದಕ್ಕೆ ತಳ್ಳಿದರೂ ಅದು ನೆಟ್ಟಗೆ ಹೋಗುತ್ತಿರಲಿಲ್ಲ. ನಾಲ್ಕಡಿ ಹೋಗುವಷ್ಟರಲ್ಲಿ ಎಡಕ್ಕೆ ವಾಲಿ, ತುಳಸಿಕಟ್ಟೆಗೆ ಮುಖ ಕೊಟ್ಟು ನಿಲ್ಲುತ್ತಿತ್ತು. ಅಸಲಿ ಟ್ಯಾಂಕಿನ ಹದಿನಾರನೇ ಒಂದರಷ್ಟು ಅಳತೆಯ ಮಾದರಿ ಅದು. ರಬ್ಬರಿನ ಪಟ್ಟಿಯಲ್ಲ, ಕೊಂಡಿ ಕೊಂಡಿ ಜೋಡಿಸಿದ ಚೈನು. ಫೋನಿನಲ್ಲಿ ಅಕ್ಕನ ಮಗ ಲಕ್ಷಣ ಹೇಳಿದ ಕೂಡಲೇ ನಾನು ಪಂಡಿತನಂತೆ ತೀರ್ಮಾನ ಕೊಟ್ಟುಬಿಟ್ಟಿದ್ದೆ: ಎಡಗಡೆ ಮೋಟಾರು ಸುಟ್ಟಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಮೋಟಾರು ಕೊಂಡು, ಜೇಬಿನಲ್ಲಿಟ್ಟುಕೊಂಡೇ ಊರಿಗೆ ಬಂದಿದ್ದೆ.

ಜಗಲಿಯ ಮೇಲೆ ಕೂತಿದ್ದ ಹುಡುಗನ ತಾತ ಒಂದೆರಡು ಸಲ ನೋಡಿ ಹೇಳಿದರು: "ಎಡದೆತ್ತು ಸೋಲ್ತಾ ಐತೆ. ಯಾಕೆ ಸೋಲ್ತಾ ಐತೆ ಅಂತ ಗೊತ್ತಾಗ್ಬೇಕಾದ್ರೆ ಮೊದ್ಲು ಎಡ ಬಲ ಬದಲಾಯ್ಸಿ ಕಟ್ಟಿ ನೋಡಪ್ಪ."

ಶಿವರಾತ್ರಿಯ ಆಸುಪಾಸಿಗೆ ನಡೆಯುವ ಆವನಿ ಜಾತ್ರೆಯ ದನಗಳನ್ನು ನೋಡುತ್ತ ಮುದುಕರಾದವರು ಅವರು. ರಿಮೋಟು ಮುಟ್ಟಿದವರಲ್ಲ. ಆದರೆ ದೋಷ ಹುಡುಕುವ ವಿದ್ಯೆಯ ಅರ್ಧ ಭಾಗ ಅವರ ಆ ಒಂದು ಮಾತಿನಲ್ಲಿತ್ತು.

ಸ್ಟಿಯರಿಂಗ್ ಇಲ್ಲದ ಗಾಡಿ

ಕಾರು ತಿರುಗುವುದು ಮುಂದಿನ ಚಕ್ರಗಳನ್ನು ಹೊರಳಿಸಿ. ಟ್ಯಾಂಕಿನ ಯಾವ ಚಕ್ರವೂ ಹಾಗೆ ಹೊರಳುವುದಿಲ್ಲ. ಎರಡು ಪಕ್ಕಕ್ಕೆ ಎರಡು ಚೈನು, ಅಷ್ಟೆ. ಎರಡೂ ಒಂದೇ ವೇಗದಲ್ಲಿ ಓಡಿದರೆ ನೇರ ದಾರಿ; ಎಡದ್ದು ನಿಧಾನವಾದರೆ ಎಡಕ್ಕೆ, ಬಲದ್ದು ನಿಧಾನವಾದರೆ ಬಲಕ್ಕೆ. ಸಾಲಿನ ಕೊನೆ ಮುಟ್ಟಿದ ರೈತ ಮಾಡುವುದೂ ಇದನ್ನೇ. ಎಡಕ್ಕೆ ಹೊರಳಬೇಕಾದರೆ ಎಡದೆತ್ತನ್ನು ತಡೆಯುತ್ತಾನೆ, ಬಲದೆತ್ತನ್ನು ನಡೆಸುತ್ತಾನೆ. ನೊಗ ತಾನಾಗಿ ತಿರುಗುತ್ತದೆ.

ನಮ್ಮ ಮಾದರಿಯಲ್ಲಿ ಎರಡೆತ್ತಿನ ಜಾಗದಲ್ಲಿ ಎರಡು ಮೋಟಾರು. ಪ್ರತಿ ಮೋಟಾರಿನ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ. ಅದು ಗೇರುಪೆಟ್ಟಿಗೆಯ ದೊಡ್ಡ ಚಕ್ರಗಳನ್ನು ತಿರುಗಿಸುತ್ತದೆ. ವೇಗ ಕಡಿಮೆಯಾಗಿ ಬಲ ಹೆಚ್ಚುತ್ತದೆ. ಕೊನೆಯ ಅಚ್ಚಿನ ಮೇಲೆ ಕೂತ ಸ್ಪ್ರಾಕೆಟ್ ಚೈನನ್ನು ಎಳೆಯುತ್ತದೆ. ಇನ್ನೊಂದು ತುದಿಯ ಐಡ್ಲರ್ ಚಕ್ರ ಚೈನನ್ನು ಬಿಗಿಯಾಗಿ ಹಿಡಿದಿಡುತ್ತದೆ. ಒಳಗಿನ ಬೋರ್ಡಿನ ಲೆಕ್ಕ ಸುಲಭ: ಕಡ್ಡಿ ಮುಂದಕ್ಕೆ ಎಷ್ಟು ಹೋಗಿದೆಯೋ ಅಷ್ಟನ್ನು ಎರಡೂ ಕಡೆಗೆ ಕೊಡು, ಪಕ್ಕಕ್ಕೆ ಎಷ್ಟು ಹೋಗಿದೆಯೋ ಅಷ್ಟನ್ನು ಒಂದು ಕಡೆಗೆ ಕೂಡಿ, ಇನ್ನೊಂದು ಕಡೆಯಿಂದ ಕಳೆ.

ಆವನಿಯ ದಕ್ಷಿಣಕ್ಕಿರುವ ಕೆ.ಜಿ.ಎಫ್.ನಲ್ಲಿ ಇದೇ ತತ್ತ್ವದ ಭಾರಿ ಯಂತ್ರಗಳು ತಯಾರಾಗುತ್ತವೆ. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಂಪನಿಯ ಕಾರ್ಖಾನೆ ಅಲ್ಲಿದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಬುಲ್ಡೋಜರುಗಳು ಮಾತ್ರ ಬರುತ್ತಲೇ ಇವೆ. ಬುಲ್ಡೋಜರಿಗೆ ಎರಡು ಎಂಜಿನ್ ಇರುವುದಿಲ್ಲ. ಒಂದೇ ಎಂಜಿನ್ನಿನ ಶಕ್ತಿಯನ್ನು ಎರಡು ಪಕ್ಕಕ್ಕೆ ಹಂಚಿ, ತಿರುಗಬೇಕಾದ ಕಡೆಯ ಕ್ಲಚ್ ಬಿಡಿಸಿ ಬ್ರೇಕ್ ಹಿಡಿಯುವುದು ಅದರ ಹಳೆಯ ಕ್ರಮ. ಎತ್ತನ್ನು ತಡೆಯುವ ಕೆಲಸವನ್ನು ಅಲ್ಲಿ ಬ್ರೇಕು ಮಾಡುತ್ತದೆ.

ಇನ್ನು ಟ್ಯಾಂಕ್ ಎಂಬ ಹೆಸರು. ನಮ್ಮ ಕಡೆಯ ಹಳೆಯ ಸರ್ಕಾರಿ ಕಾಗದಗಳಲ್ಲಿ ಟ್ಯಾಂಕ್ ಅಂದರೆ ಕೆರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ಉಕ್ಕಿನ ಗಾಡಿಯನ್ನು ಗುಟ್ಟಾಗಿ ಕಟ್ಟುವಾಗ, ನೋಡಿದವರು ನೀರಿನ ತೊಟ್ಟಿ ಅಂದುಕೊಳ್ಳಲಿ ಎಂದು ಟ್ಯಾಂಕ್ ಎಂದು ಕರೆದರು, ಹೆಸರು ಅಂಟಿಕೊಂಡಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅದು ಮೊದಲ ಸಲ ಯುದ್ಧಕ್ಕಿಳಿಯಿತು. ಸಿದ್ಧವಾಗಿದ್ದ 49 ಟ್ಯಾಂಕುಗಳಲ್ಲಿ ಮೂರನೇ ಒಂದರಷ್ಟು ಹೊರಡುವ ಗೆರೆಯನ್ನೇ ಮುಟ್ಟಲಿಲ್ಲ, ದಾರಿಯಲ್ಲೇ ಕೆಟ್ಟವು, ಇಲ್ಲವೇ ಕೆಸರಿನಲ್ಲಿ ಹೂತವು. ಒಳಗಿದ್ದ ಎಂಟು ಜನರಲ್ಲಿ ನಾಲ್ವರು ಬರೀ ಓಡಿಸುವುದಕ್ಕೇ ಬೇಕಾಗಿತ್ತು. ಓಟದ ತೊಂದರೆ ಟ್ಯಾಂಕಿನ ಜೊತೆಯಲ್ಲೇ ಹುಟ್ಟಿದ್ದು. ನಮ್ಮ ಅಂಗಳದ್ದು ಹೊಸತೇನಲ್ಲ.

ಅರ್ಧ ಮಾಡುತ್ತ ಹೋಗು

ಬ್ಯಾಟರಿಯಿಂದ ನೆಲದವರೆಗೆ ಲೆಕ್ಕ ಹಾಕಿದರೆ ಸಂಶಯ ಪಡಬಹುದಾದ ಜಾಗಗಳು ಸುಮಾರು ಹದಿನಾರು: ಬ್ಯಾಟರಿ, ಸ್ವಿಚ್ಚು, ರಿಸೀವರ್, ಬೋರ್ಡು, ತಂತಿ, ಬೆಸುಗೆ, ಮೋಟಾರು, ಪಿನಿಯನ್, ಗೇರು, ಅಚ್ಚು, ಸ್ಪ್ರಾಕೆಟ್, ಚೈನು, ಹೀಗೆ. ಒಂದೊಂದನ್ನೇ ಬಿಚ್ಚುತ್ತ ಹೋದರೆ ಹದಿನಾರು ಸಲ ಬಿಚ್ಚಬೇಕಾದೀತು. ಆದರೆ ಪ್ರತಿ ಪರೀಕ್ಷೆಯೂ ಸಂಶಯವನ್ನು ಅರ್ಧಕ್ಕಿಳಿಸುವಂತಿದ್ದರೆ ಹದಿನಾರು ಎಂಟಾಗಿ, ನಾಲ್ಕಾಗಿ, ಎರಡಾಗಿ, ಒಂದಾಗುತ್ತದೆ. ನಾಲ್ಕೇ ಪ್ರಶ್ನೆ ಸಾಕು.

ಮೊದಲು ಬ್ಯಾಟರಿ. ಅದು ಎರಡೂ ಎತ್ತಿಗೆ ಹಾಕುವ ಒಂದೇ ಮೇವು. ಅದು ಸೋತರೆ ಎರಡೂ ಪಕ್ಕ ಸೋಲಬೇಕು, ಒಂದೇ ಪಕ್ಕವಲ್ಲ. ಆದರೂ ಮೀಟರು ಹಿಡಿದು ನೋಡಿದೆವು. ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ ತುಂಬಿದಾಗ 8.4 ವೋಲ್ಟ್ ಇರುತ್ತದೆ. ಸುಮ್ಮನಿದ್ದಾಗಿನ ಅಂಕಿಯನ್ನು ನಂಬಬಾರದು, ಟ್ಯಾಂಕು ಓಡುತ್ತಿರುವಾಗ ನೋಡಬೇಕು. ಸಂಜೆ ಊರಿನವರೆಲ್ಲ ಒಟ್ಟಿಗೆ ಪಂಪ್‌ಸೆಟ್ಟು ಹಾಕಿದಾಗ ವೋಲ್ಟೇಜು ಕುಸಿಯುವಂತೆ, ಹಳತಾದ ಬ್ಯಾಟರಿಯೂ ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಹೊರೆ ಇಳಿಸಿದರೆ ಏನೂ ಆಗದವರಂತೆ ಮೇಲೆದ್ದು ನಿಲ್ಲುತ್ತದೆ. ನಮ್ಮದು ಓಡುವಾಗಲೂ ಗಟ್ಟಿಯಾಗಿಯೇ ಇತ್ತು.

ಎರಡನೆಯದು ಎತ್ತಿ ನೋಡುವ ಪರೀಕ್ಷೆ. ಟ್ಯಾಂಕಿನ ಹೊಟ್ಟೆಗೆ ಇಟ್ಟಿಗೆ ಕೊಟ್ಟು, ಚೈನು ನೆಲಕ್ಕೆ ತಾಗದಂತೆ ಎತ್ತಿಟ್ಟೆವು. ಗಾಳಿಯಲ್ಲಿ ಎರಡೂ ಸರಿಯಾಗಿ ಓಡಿ ನೆಲದಲ್ಲಿ ಮಾತ್ರ ಸೋತರೆ, ಹೊರೆ ಬಿದ್ದಾಗ ಜಾರುವ ಏನೋ ಒಂದು ಇದೆ ಎಂದರ್ಥ. ಅದು ಸಾಮಾನ್ಯವಾಗಿ ಪಿನಿಯನ್ನಿನ ಸಡಿಲ ಗ್ರಬ್ ಸ್ಕ್ರೂ ಇಲ್ಲವೇ ಸವೆದ ಹಲ್ಲು. ನಮ್ಮದರಲ್ಲಿ ಗಾಳಿಯಲ್ಲೂ ಎಡದ್ದು ಹಿಂದೆ ಬೀಳುತ್ತಿತ್ತು. ಎರಡು ನಿಮಿಷ ಓಡಿಸಿ ಮುಟ್ಟಿದರೆ ಬಲದ ಮೋಟಾರು ಬೆಚ್ಚಗಿತ್ತು, ಎಡದ್ದು ಬೆರಳಿಡಲಾಗದಷ್ಟು ಬಿಸಿ.

ಮೂರನೆಯದು ತಾತನ ಪರೀಕ್ಷೆ. ಬೋರ್ಡಿನ ಎಡದ ತಂತಿಯನ್ನು ಬಲದ ಮೋಟಾರಿಗೆ, ಬಲದ್ದನ್ನು ಎಡದ್ದಕ್ಕೆ ಸಿಕ್ಕಿಸಿದೆವು. ದೋಷವೂ ಬಲಕ್ಕೆ ಬಂದರೆ ತಪ್ಪು ಬೋರ್ಡಿನದು ಅಥವಾ ರಿಮೋಟಿನದು. ಎಡದಲ್ಲೇ ಉಳಿದರೆ ಮೋಟಾರಿನಿಂದ ಚೈನಿನವರೆಗಿನದು. ಕಡ್ಡಿ ಮುಂದಕ್ಕೆ ತಳ್ಳಿದ ಹುಡುಗ ಕೂಗಿದ: "ಮಾವ, ಈಗಲೂ ಎಡಕ್ಕೇ!" ಒಂದೇ ಏಟಿಗೆ ರಿಮೋಟು, ರಿಸೀವರ್, ಬೋರ್ಡು ಎಲ್ಲ ನಿರಪರಾಧಿಗಳಾದವು. ಹೀಗೆ ಬದಲಾಯಿಸಿದಾಗ ತಿರುವಿನ ಆಜ್ಞೆ ತಲೆಕೆಳಗಾಗುತ್ತದೆ, ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತದೆ, ಗಾಬರಿಯಾಗಬೇಕಿಲ್ಲ.

ನಾಲ್ಕನೆಯದು ಬಿಚ್ಚುವ ಪರೀಕ್ಷೆ. ಚೈನು ಕಳಚಿದೆವು, ಸ್ಪ್ರಾಕೆಟ್ ಇನ್ನೂ ನಿಧಾನ. ಚೈನೂ ಕೆಳಗಿನ ಚಕ್ರಗಳೂ ಬಿಟ್ಟುಹೋದವು. ಮೋಟಾರನ್ನು ಗೇರುಪೆಟ್ಟಿಗೆಯಿಂದ ಬೇರೆ ಮಾಡಿ ಓಡಿಸಿದೆವು. ಬಲದ್ದರ ದನಿಯಲ್ಲೇ, ಅದರ ವೇಗದಲ್ಲೇ ತಿರುಗಿತು. ಸುಟ್ಟಿದೆ ಎಂದು ನಾನು ತೀರ್ಪು ಕೊಟ್ಟಿದ್ದ ಮೋಟಾರು ಗುಂಡುಕಲ್ಲಿನಂತಿತ್ತು. ಉಳಿದದ್ದು ಗೇರು ಮತ್ತು ಅಚ್ಚು.

ಸ್ಪ್ರಾಕೆಟ್ಟನ್ನು ಅಚ್ಚಿನಿಂದ ಎಳೆದು ತೆಗೆದಾಗ ಅಪರಾಧಿ ಕಂಡಿತು. ಸ್ಪ್ರಾಕೆಟ್ಟಿಗೂ ಟ್ಯಾಂಕಿನ ಮೈಗೂ ನಡುವೆ, ಅಚ್ಚಿನ ಸುತ್ತ, ಹಳದಿ ಬಣ್ಣದ ಗಟ್ಟಿ ಉಂಗುರ. ಉಗುರಿನಿಂದ ಕೆದಕಿದರೆ ಎಳೆ ಎಳೆಯಾಗಿ ಬಂತು: ರೇಷ್ಮೆ. ಅಕ್ಕನ ಮನೆಯಲ್ಲಿ ಹುಳು ಸಾಕುತ್ತಾರೆ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿದ ದಿನ ಗೂಡಿನ ಮೇಲಿನ ಸಡಿಲ ಎಳೆಗಳು ನೆಲದ ತುಂಬ ಬಿದ್ದಿದ್ದವು. ಹುಡುಗ ಅದರ ಮೇಲೆಯೇ ಯುದ್ಧ ಮಾಡಿದ್ದ. ಒಂದು ಗೂಡಿನಲ್ಲೇ ನೂರಾರು ಮೀಟರು ಎಳೆ ಇರುತ್ತದೆ. ಸುತ್ತಿಕೊಂಡ ಎಳೆ ಬೆಟ್ಟದ ಕಗ್ಗಲ್ಲಿನ ಪುಡಿಯನ್ನೂ ಗ್ರೀಸನ್ನೂ ಹೀರಿ, ಅಚ್ಚಿಗೆ ಬ್ರೇಕಿನಂತೆ ಕಚ್ಚಿಕೊಂಡಿತ್ತು. ಬ್ಲೇಡಿನಿಂದ ಕೊಯ್ದು, ಒರಸಿ, ಒಂದು ಹನಿ ಎಣ್ಣೆ ಬಿಟ್ಟು ಜೋಡಿಸಿದೆವು.

ಮೋಟಾರು ಬಿಸಿಯಾದದ್ದೇಕೆ?

ಬಿಸಿಯಾದ ಮೋಟಾರೇ ಕೆಟ್ಟ ಮೋಟಾರು ಎಂದು ನಂಬಿ ನಾನು ಎಡವಿದ್ದೆ. ತಿರುಗುವ ಮೋಟಾರು ತಾನೂ ಒಂದು ಡೈನಮೋದಂತೆ ವರ್ತಿಸಿ, ಬರುವ ವಿದ್ಯುತ್ತಿಗೆ ಎದುರಾಗಿ ವೋಲ್ಟೇಜು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಈ ಎದುರೊತ್ತಡ ಹೆಚ್ಚು, ಒಳನುಗ್ಗುವ ಕರೆಂಟು ಕಡಿಮೆ. ಮೋಟಾರನ್ನು ತಡೆದು ನಿಲ್ಲಿಸಿದರೆ ಎದುರೊತ್ತಡವೇ ಇಲ್ಲ. ಸುರುಳಿಯ ರೋಧ ಅರ್ಧ ಓಮ್, ವೋಲ್ಟೇಜು 7.2 ಎಂದಿಟ್ಟುಕೊಳ್ಳಿ: ನಿಂತ ಮೋಟಾರಿಗೆ 14.4 ಆಂಪಿಯರ್ ಹರಿಯುತ್ತದೆ. ಕರೆಂಟು ಎರಡರಷ್ಟಾದರೆ ಸುರುಳಿಯ ಬಿಸಿ ನಾಲ್ಕರಷ್ಟು. ಬೇರೆಯವರ ತಪ್ಪಿಗೆ ಮೋಟಾರು ಬೇಯುವುದು ಹೀಗೆ. ಎಳೆ ಬಿಡಿಸದೆ ಹೊಸ ಮೋಟಾರು ಹಾಕಿದ್ದರೆ ಅದೂ ಬೆಂದು, ನಾನು ಇನ್ನೊಂದನ್ನು ಕೊಳ್ಳುತ್ತಿದ್ದೆ.

ನೇರ ಓಡುವ ಟ್ಯಾಂಕು ತಿರುವಿನಲ್ಲಿ ಮಾತ್ರ ನಿಂತುಬಿಟ್ಟರೆ ಅದಕ್ಕೂ ಲೆಕ್ಕವಿದೆ. ತಿರುಗುವಾಗ ನೆಲಕ್ಕೆ ತಾಗಿದ ಚೈನಿನ ಉದ್ದಕ್ಕೂ ಕೊಂಡಿಗಳು ಅಡ್ಡಡ್ಡಲಾಗಿ ಉಜ್ಜಿಕೊಂಡು ಜಾರಬೇಕು. ಎಂಜಿನಿಯರುಗಳು ಬಳಸುವ ಸರಳ ಸೂತ್ರದ ಪ್ರಕಾರ, ನಿಂತಲ್ಲೇ ತಿರುಗಿಸಲು ಬೇಕಾದ ತಿರುಚುಬಲ ಅಂದರೆ ಘರ್ಷಣಾಂಕ, ಭಾರ, ಚೈನಿನ ಉದ್ದ ಮೂರನ್ನೂ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು. 4 ಕಿಲೋ ತೂಗುವ, 30 ಸೆಂಟಿಮೀಟರು ಚೈನು ನೆಲಕ್ಕೆ ತಾಗುವ, ಎರಡು ಚೈನಿನ ನಡುವೆ 20 ಸೆಂಟಿಮೀಟರು ಅಂತರವಿರುವ ಮಾದರಿಗೆ, ಘರ್ಷಣಾಂಕ 0.8 ಎಂದು ಹಿಡಿದರೆ, ಪ್ರತಿ ಚೈನೂ ಸುಮಾರು 12 ನ್ಯೂಟನ್ ಬಲ ಹಾಕಬೇಕು. ಭಾರದ ಹತ್ತನೇ ಒಂದು ಪಾಲು ತಡೆ ಎಂದುಕೊಂಡರೆ ನೇರ ಓಡಲು ಚೈನಿಗೆ 2 ನ್ಯೂಟನ್ ಸಾಕು. ಆರು ಪಟ್ಟು ವ್ಯತ್ಯಾಸ! ನುಣುಪು ಗಾರೆ ನೆಲದಲ್ಲಿ ಗಿರಗಿರನೆ ತಿರುಗುವ ಟ್ಯಾಂಕು ಜಮಖಾನದ ಮೇಲೆ ಮುಷ್ಕರ ಹೂಡುವುದು ಇದಕ್ಕೇ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ನಿಂತಲ್ಲೇ ತಿರುಗಿಸದೆ, ಮುಂದೆ ಓಡಿಸುತ್ತ ದೊಡ್ಡ ಬಳಸಿನಲ್ಲಿ ತಿರುಗಿಸಿದರೆ ಆಯಿತು.

ಚೈನು ಕಳಚಿಬೀಳುವುದೂ ಹೆಚ್ಚಾಗಿ ತಿರುವಿನಲ್ಲೇ. ಸಡಿಲವಿದ್ದರೆ ಸ್ಪ್ರಾಕೆಟ್ಟಿನ ಹಲ್ಲು ಹತ್ತಿ ಕಟಕಟ ಅನ್ನುತ್ತದೆ. ಅತಿ ಬಿಗಿಯಿದ್ದರೆ ಮೋಟಾರು ಬಿಸಿ, ಕೊಂಡಿಯ ಪಿನ್ನು ಸವೆತ. ಮೇಲಿನ ಭಾಗದಲ್ಲಿ ಚೈನು ಒಂದಿಷ್ಟು ಜೋತಿರಬೇಕು, ಎರಡೂ ಪಕ್ಕ ಸಮನಾಗಿ ಜೋತಿರಬೇಕು. ಬುಲ್ಡೋಜರಿನಲ್ಲಿ ಸಿಲಿಂಡರಿಗೆ ಗ್ರೀಸು ತುಂಬಿ ಐಡ್ಲರನ್ನು ಮುಂದಕ್ಕೆ ತಳ್ಳಿ ಬಿಗಿ ಮಾಡುತ್ತಾರೆ. ಮಾದರಿಯಲ್ಲಿ ಸ್ಕ್ರೂ ತಿರುಗಿಸುತ್ತೇವೆ.

ತಾತನ ಪರೀಕ್ಷೆಯಲ್ಲಿ ದೋಷ ಪಕ್ಕ ಬದಲಿಸಿದರೆ ಮೊದಲು ರಿಮೋಟಿನ ಟ್ರಿಮ್ ಗುಂಡಿ ನೋಡಿ. ಅದು ನಡುವಿನಿಂದ ಸರಿದಿದ್ದರೆ ಕಡ್ಡಿ ಮುಟ್ಟದಿದ್ದರೂ ಒಂದು ಚೈನು ತೆವಳುತ್ತದೆ. ಟ್ಯಾಂಕು ಬಿಟ್ಟು ಬಿಟ್ಟು ಬೆಚ್ಚಿಬಿದ್ದಂತೆ ಓಡಿದರೆ, ಮೋಟಾರಿನ ಬ್ರಷ್ಷುಗಳ ಕಿಡಿ ರೇಡಿಯೋಗೆ ಗದ್ದಲ ಎಬ್ಬಿಸುತ್ತಿರಬಹುದು. ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದರೆ ಗದ್ದಲ ಅಡಗುತ್ತದೆ. ಈಗಿನ 2.4 ಗಿಗಾಹರ್ಟ್ಸ್ ರಿಮೋಟುಗಳಿಗೆ ಈ ಕಾಟ ಕಡಿಮೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎರಡಕ್ಕೂ ಮನಸ್ಸು ಬೇರೆ. ಟ್ಯಾಂಕಿಗೆ ಮನಸ್ಸಿಲ್ಲ. ಅದು ಎಡಕ್ಕೆ ಹೋದರೆ ಎಡಗಡೆ ಎಲ್ಲೋ ಒಂದು ಕಾರಣ ಕೂತಿರುತ್ತದೆ, ಕೇಳುವ ಕ್ರಮದಲ್ಲಿ ಕೇಳಿದರೆ ಸಿಕ್ಕಿಬೀಳುತ್ತದೆ. ನಿಮ್ಮ ಮನೆಯ ಆಟಿಕೆಯಾಗಲಿ, ಮಿಕ್ಸಿಯಾಗಲಿ, ಪಂಪಾಗಲಿ ಮೊಂಡುಬಿದ್ದರೆ ಹೊಸ ಭಾಗ ಕೊಳ್ಳುವ ಮೊದಲು ಚೆನ್ನಾಗಿರುವುದರ ಜಾಗದಲ್ಲಿ ಕೆಟ್ಟದ್ದನ್ನು ಇಟ್ಟು ನೋಡಿ. ಕರೆಂಟಿನದಾದರೆ ಪ್ಲಗ್ಗು ಕಿತ್ತ ಮೇಲೆ ಮಾತ್ರ ಕೈ ಹಾಕಿ. ನಮ್ಮ ಟ್ಯಾಂಕು ಈಗ ಅಂಗಳದ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗುತ್ತದೆ. ಗೂಡು ಬಿಡಿಸುವ ದಿನ ಮಾತ್ರ ಅದಕ್ಕೆ ರಜ. ಎಸ್.ಪಿ. ರಸ್ತೆಯ ಹೊಸ ಮೋಟಾರು ಪೊಟ್ಟಣ ಬಿಚ್ಚದೆ ಅಕ್ಕನ ಮನೆಯ ಗೋಡೆಗೂಡಿನಲ್ಲಿದೆ.